ಬಿಸ್ಕತ್ ಡಬ್ಬದಲ್ಲಿ ಸಿಕ್ಕ ಹಳೆಯ ಪಬ್ ಫೋಟೋ: ಊರು ಪತ್ತೆ ಹಚ್ಚುವುದು ಹೇಗೆ?

ರೆಡಿಂಗ್‌ನಿಂದ, ಪ್ರಶ್ನೆ

ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. 1923ರಲ್ಲಿ ಹುಟ್ಟಿದವರು. ನಾನು ಈ ಊರಿಗೆ ಬಂದ ದಿನದಿಂದ ನನ್ನನ್ನು ಮಗಳಂತೆ ನೋಡಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಮೊಮ್ಮಗ ಹಂಟ್ಲಿ ಅಂಡ್ ಪಾಮರ್ಸ್‌ನ ಹಳೆಯ ಬಿಸ್ಕತ್ ಡಬ್ಬವೊಂದನ್ನು ನನ್ನ ಕೈಗಿತ್ತ. ಅದರ ತಳದಲ್ಲಿ ಈ ಫೋಟೋ ಇತ್ತು. ಬಿಳಿ ಹಲಗೆ ಹೊದಿಸಿದ ಎರಡಂತಸ್ತಿನ ಪಬ್, ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡ ಹೆಂಗಸು, ತೂಗುಫಲಕದಲ್ಲಿ ಒಂದು ಮರ, ಗೋಡೆಯ ಮೇಲೊಂದು ಪುಟ್ಟ ಆನೆ. ಒಂದು ಪಕ್ಕದಲ್ಲಿ ಅರ್ಧ ಗಾಡಿ. ಹಿಂದೆ ಶಂಕುವಿನಂಥ ಚಾವಣಿ, ಅದರ ತುದಿಗೆ ಬಿಳಿ ಟೊಪ್ಪಿಗೆ. ಬೆನ್ನಿಗೆ ಪೆನ್ಸಿಲ್‌ನಲ್ಲಿ ಬರೆದಿರುವುದು ಇಷ್ಟೇ: 'ನಮ್ಮದರ ಮುಂದೆ ಅಮ್ಮ'. ಊರಿಲ್ಲ, ತಾರೀಕಿಲ್ಲ. ಅಜ್ಜಿಯ ತವರಿನ ಹೆಸರು ಮೊಮ್ಮಗನಿಗೂ ಗೊತ್ತಿಲ್ಲ. ಇಂಥ ಹುಡುಕಾಟ ಮಾಡಿದವರು ದಾರಿ ತೋರಿಸಿ.

ಲೀಡ್ಸ್‌ನಿಂದ

ಮೊದಲಿಗೆ, ಪಬ್‌ನ ಹೆಸರಿನ ಬೆನ್ನು ಹತ್ತಬೇಡಿ. ಆ ಮರ ಬಹುಮಟ್ಟಿಗೆ 'ರಾಯಲ್ ಓಕ್'. 1651ರಲ್ಲಿ ವುಸ್ಟರ್ ಯುದ್ಧದಲ್ಲಿ ಸೋತ ಎರಡನೆಯ ಚಾರ್ಲ್ಸ್ ಬಾಸ್ಕೊಬೆಲ್‌ನ ಓಕ್ ಮರದಲ್ಲಿ ಅಡಗಿದ ಕಥೆಯಿಂದ ಬಂದ ಹೆಸರು ಅದು. ರೆಡ್ ಲಯನ್, ಕ್ರೌನ್, ವೈಟ್ ಹಾರ್ಟ್‌ಗಳಂತೆ ದೇಶದ ತುಂಬ ಇದೆ. ಬರೀ ಹೆಸರು ಹಿಡಿದು ಹುಡುಕಿದರೆ ವರ್ಷಗಳೇ ಸಾಲುವುದಿಲ್ಲ. ನಾನು ಹಾಗೆ ಒಂದಿಡೀ ಬೇಸಿಗೆಯನ್ನು ಕಳೆದುಕೊಂಡಿದ್ದೇನೆ.

ಹಿಡಿಯಬೇಕಾದದ್ದು ಆನೆಯನ್ನು. ಆನೆ ಮೇಡ್‌ಸ್ಟನ್‌ನ ಫ್ರೆಮ್ಲಿನ್ಸ್ ಬ್ರೂವರಿಯ ಗುರುತು. ಅಂದರೆ ನೀವು ನೋಡಬೇಕಾದದ್ದು ಕೆಂಟ್ ಕೌಂಟಿಯ ಕಡೆಗೆ. ಆ ಕಾಲದಲ್ಲಿ ಹೆಚ್ಚಿನ ಪಬ್‌ಗಳು ಯಾವುದಾದರೊಂದು ಬ್ರೂವರಿಯ ಸ್ವತ್ತಾಗಿದ್ದವು, ಆ ಬ್ರೂವರಿಯ ಬಿಯರನ್ನೇ ಮಾರಬೇಕಿತ್ತು. ಸಣ್ಣ ಬ್ರೂವರಿಗಳ ಪಬ್‌ಗಳು ಅದರ ಸುತ್ತಮುತ್ತಲೇ ಇರುತ್ತಿದ್ದವು. ಬ್ಯಾಸ್‌ನ ಕೆಂಪು ತ್ರಿಕೋನವೋ ಗಿನ್ನೆಸ್ ಜಾಹೀರಾತೋ ಆಗಿದ್ದರೆ ಏನೂ ತಿಳಿಯುತ್ತಿರಲಿಲ್ಲ, ಅವು ಎಲ್ಲೆಲ್ಲೂ ಇದ್ದವು. ಆದರೂ ಒಂದು ಎಚ್ಚರಿಕೆ: ಬಾಟಲಿ ಬಿಯರಿನ ಫಲಕವನ್ನು ಬೇರೆಯವರ ಪಬ್‌ನಲ್ಲೂ ಹಾಕುತ್ತಿದ್ದರು. ಆನೆಯೊಂದನ್ನೇ ನಂಬಬೇಡಿ, ಅದಕ್ಕೆ ಇನ್ನೊಂದು ಸಾಕ್ಷಿ ಬೇಕು.

ಮೈಸೂರಿನಿಂದ, ನಿವೃತ್ತ ಸರ್ವೇಯರ್

ತಾಯಿ, ಆ ಇನ್ನೊಂದು ಸಾಕ್ಷಿ ನಿಮ್ಮ ಫೋಟೋದಲ್ಲೇ ಇದೆ. ಬಿಳಿ ಟೊಪ್ಪಿಗೆಯ ಶಂಕು ಚಾವಣಿ ಎಂದರೆ ಓಸ್ಟ್ ಹೌಸ್, ಬಿಯರಿಗೆ ಹಾಕುವ ಹಾಪ್ಸ್ ಒಣಗಿಸುವ ಗೂಡು. ಸಸೆಕ್ಸ್, ಹೆರೆಫರ್ಡ್‌ಶೈರ್‌ಗಳಲ್ಲೂ ಉಂಟು, ಆದರೆ ಆನೆಯ ಜೊತೆಗೆ ಇದ್ದರೆ ಕೆಂಟ್ ಎಂದೇ ಹಿಡಿಯಬಹುದು. ಬಿಳಿ ಬಣ್ಣ ಬಳಿದ ಹಲಗೆಯ ಗೋಡೆಯೂ ಕೆಂಟ್‌ನ ವೀಲ್ಡ್ ಸೀಮೆಯ ಮನೆಗಳ ಲಕ್ಷಣವೇ.

ಮುಂದೆ ನಕ್ಷೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳನ್ನೂ ಉಚಿತವಾಗಿ ನೋಡಬಹುದು. ಮೈಲಿಗೆ 25 ಅಂಗುಲದ ನಕ್ಷೆಯನ್ನು ತೆರೆಯಿರಿ, ಒಂದೊಂದು ಕಟ್ಟಡವೂ ಬಿಡಿಬಿಡಿಯಾಗಿ ಕಾಣುತ್ತದೆ. 'ಪಿ.ಎಚ್.' ಎಂದಿದ್ದರೆ ಪಬ್ಲಿಕ್ ಹೌಸ್, 'ಬಿ.ಎಚ್.' ಎಂದಿದ್ದರೆ ಬಿಯರ್ ಹೌಸ್, ಅಂದರೆ ವಿಸ್ಕಿ, ಜಿನ್‌ನಂಥ ಕಡುಮದ್ಯ ಮಾರದ ಪಬ್. ಅದನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡುವ ಸೌಲಭ್ಯವೂ ಇದೆ.

ನೆರಳನ್ನು ಮರೆಯಬೇಡಿ. ಬೇಸಿಗೆಯ ಕೆಲವು ತಿಂಗಳು ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ವರ್ಷವಿಡೀ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ. ಪಬ್‌ನ ಮುಂಗೋಡೆಯ ಮೇಲೆ ಗಿಡ್ಡ ನೆರಳಿನ ಬಿಸಿಲು ಬಿದ್ದಿದ್ದರೆ ಅದು ಉತ್ತರಕ್ಕೆ ಮುಖ ಮಾಡಿಲ್ಲ. ಬೀದಿಯ ಒಂದು ಸಾಲು ಅಲ್ಲಿಗೇ ಬಿಟ್ಟುಹೋಯಿತು. ಹೀಗೆ ಕಳೆಯುತ್ತಾ ಹೋಗುವುದೇ ಈ ಕೆಲಸ.

ನನಗೆ ಈ ಹುಚ್ಚು ಹಿಡಿಸಿದ್ದು ಶ್ರೀರಂಗಪಟ್ಟಣ. 1792ರಲ್ಲಿ ಅದನ್ನು ಮುತ್ತಿದ ಕಾರ್ನ್‌ವಾಲಿಸ್‌ಗೆ ಆ ವರ್ಷವೇ ಮಾರ್ಕ್ವಿಸ್ ಪದವಿ ಸಿಕ್ಕಿತು, ಆ ಹೆಸರಿನ ಪಬ್ ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಇಂದಿಗೂ ಇದೆ. ಟಿಪ್ಪುವಿನ ಕೋಟೆಯ ನೆನಪು ಯಾವುದೋ ದೇಶದ ಬೀದಿಯ ಮೂಲೆಯಲ್ಲಿ ತೂಗಾಡುತ್ತಿದೆ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಕ್ಯಾಂಟರ್ಬರಿಯಿಂದ, ಹಳೆಯ ಪೋಸ್ಟ್‌ಕಾರ್ಡ್ ಸಂಗ್ರಹಿಸುವವರು

ಗಾಡಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅದರ ಯಾವ ಮಗ್ಗುಲು ಕಾಣುತ್ತಿದೆ? 1835ರ ಹೆದ್ದಾರಿ ಕಾಯ್ದೆಯಂತೆ ಸರಕು ಗಾಡಿಯ ಬಲ ಮಗ್ಗುಲಲ್ಲಿ ಒಡೆಯನ ಹೆಸರು, ಊರು ಬರೆದಿರಬೇಕಿತ್ತು. ಫೋಟೋವನ್ನು ಮೊಬೈಲ್‌ನಲ್ಲಿ ತೆಗೆಯಬೇಡಿ, ಗಾಜಿನ ಸ್ಕ್ಯಾನರ್ ಮೇಲಿಟ್ಟು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬಾಗಿಲ ಮೇಲಿನ ಕಪ್ಪು ಪಟ್ಟಿಯನ್ನೂ ಹಿಗ್ಗಿಸಿ ನೋಡಿ. ಅದರಲ್ಲಿ ಪರವಾನಗಿದಾರರ ಹೆಸರಿರುತ್ತದೆ, ಏನೇನು ಮಾರಬಹುದು ಎಂಬುದೂ ಇರುತ್ತದೆ. 'ಸ್ಪಿರಿಟ್ಸ್' (ಕಡುಮದ್ಯ) ಎಂಬ ಪದ ಇಲ್ಲದಿದ್ದರೆ ಅದು ಬಿಯರ್ ಹೌಸ್ ಇರಬಹುದು. ಹಾಗಿದ್ದರೆ ಊರೂರಿನ ವ್ಯಾಪಾರಿಗಳ ಹಳೆಯ ಪಟ್ಟಿಯಾದ ಕೆಲ್ಲಿಯವರ ಡೈರೆಕ್ಟರಿಯಲ್ಲಿ ಪಬ್‌ನ ಹೆಸರೇ ಸಿಗದೆ ಹೋಗಬಹುದು. ಎಷ್ಟೋ ಕಡೆ ಮಾಲೀಕರ ಹೆಸರಿನ ಮುಂದೆ 'ಬಿಯರ್ ರೀಟೇಲರ್' ಎಂದಷ್ಟೇ ಬರೆದಿರುತ್ತಾರೆ.

ಊರು ಸಿಕ್ಕ ಮೇಲೆ ಹೋಲಿಸುವಾಗ ನೆಲಮಹಡಿಯನ್ನು ನೋಡಲೇಬೇಡಿ. ಬಾಗಿಲು, ಕಿಟಕಿ, ಬಣ್ಣ ಎಲ್ಲವೂ ಬದಲಾಗಿರುತ್ತವೆ. ಮೇಲಿನ ಅಂತಸ್ತಿನ ಕಿಟಕಿಗಳ ಅಂತರ, ಚಿಮಣಿಯ ಜಾಗ, ಚಾವಣಿಯ ಇಳಿಜಾರು, ಇವು ಸುಲಭಕ್ಕೆ ಬದಲಾಗುವುದಿಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ

ಎಲ್ಲರೂ ಕಟ್ಟಡವನ್ನೇ ಹುಡುಕುತ್ತಿದ್ದೀರಿ. ಅಕ್ಕ, ನೀವು ಅಜ್ಜಿಯನ್ನು ಹುಡುಕಿ.

1939ರ ಸೆಪ್ಟೆಂಬರ್ 29ರಂದು, ಯುದ್ಧ ಶುರುವಾದ ತಿಂಗಳಲ್ಲೇ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಮನೆಯ ನೋಂದಣಿ ನಡೆಯಿತು. 1931ರ ಜನಗಣತಿಯ ಕಾಗದಗಳು ಬೆಂಕಿಗೆ ಆಹುತಿಯಾದವು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಹಾಗಾಗಿ ಆ ಕಾಲಕ್ಕೆ ಈ ರಿಜಿಸ್ಟರ್ ಒಂದೇ ಆಧಾರ. ಹೆಸರು, ಹುಟ್ಟಿದ ದಿನ, ಕಸುಬು, ವಿಳಾಸ ಎಲ್ಲವೂ ಇವೆ. ಮುಂದೆ ಇದನ್ನೇ ಆರೋಗ್ಯ ಸೇವೆಯ ದಾಖಲೆಯಾಗಿಯೂ ಬಳಸಿದ್ದರಿಂದ, ಮದುವೆಯಾದ ಹೆಣ್ಣುಮಕ್ಕಳ ಹೊಸ ಮನೆತನದ ಹೆಸರನ್ನು ಹಳೆಯದರ ಪಕ್ಕದಲ್ಲೇ ಬರೆದಿಡುತ್ತಿದ್ದರು. ನಿಮಗೆ ಗೊತ್ತಿರುವ ಹೆಸರು, ಹುಟ್ಟಿದ ದಿನ ಕೊಟ್ಟು ಹುಡುಕಿದರೆ ಹದಿನಾರರ ಹುಡುಗಿಯಾಗಿ ಅವರು ತವರಿನಲ್ಲೇ ಸಿಗಬಹುದು. ಹುಟ್ಟಿ ನೂರು ವರ್ಷ ದಾಟಿದವರ ಸಾಲನ್ನು ಮುಚ್ಚಿಟ್ಟಿರುವುದಿಲ್ಲ. ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋದರೆ ಉಚಿತವಾಗಿ ನೋಡಬಹುದು.

ಸಿಗದಿದ್ದರೆ ಅಜ್ಜಿಯ ಮದುವೆಯ ಪ್ರಮಾಣಪತ್ರದ ನಕಲು ತರಿಸಿ. ಅದರಲ್ಲಿ ತಂದೆಯ ಹೆಸರೂ ಕಸುಬೂ ಇರುತ್ತವೆ.

ರೆಡಿಂಗ್‌ನಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ?

ಮೊದಲು ಸ್ಕ್ಯಾನ್ ಮಾಡಿಸಿದೆ. ಬಾಗಿಲ ಮೇಲಿನ ಪಟ್ಟಿ ಮಸಿಯಂತಾಗಿ ಓದಲಾಗಲಿಲ್ಲ. ಗಾಡಿಯ ಬಲ ಮಗ್ಗುಲೇ ಕಾಣುತ್ತಿತ್ತು, ಆದರೆ ಕುದುರೆಯ ನೆರಳು ಬಿದ್ದು ಊರಿನ ಹೆಸರಿನ ಬಾಲ ಮಾತ್ರ ಉಳಿದಿತ್ತು: '…ಡೆನ್'. ನಕ್ಷೆ ತೆರೆದರೆ ಟೆಂಟರ್‌ಡೆನ್, ಬಿಡ್ಡೆನ್‌ಡೆನ್, ಬೆನೆನ್‌ಡೆನ್, ರಾಲ್ವೆನ್‌ಡೆನ್, ಸ್ಮಾರ್ಡೆನ್! ಬೆಂಗಳೂರಿನ ಸುತ್ತ ಸಂದ್ರಗಳಿದ್ದಂತೆ ವೀಲ್ಡ್ ಸೀಮೆಯ ತುಂಬ ಡೆನ್‌ಗಳು. ಹಿಂದೆ ಕಾಡಿನಲ್ಲಿ ಹಂದಿ ಮೇಯಿಸುತ್ತಿದ್ದ ಜಾಗಕ್ಕೆ ಆ ಹೆಸರಂತೆ. ಆನೆ, ಓಸ್ಟ್, ಹಲಗೆ, ಡೆನ್ ನಾಲ್ಕೂ ಒಂದೇ ಕಡೆಗೆ ಬೆರಳು ತೋರಿಸಿದವು. ಊರು ಮಾತ್ರ ಯಾವುದೆಂದು ತಿಳಿಯಲಿಲ್ಲ.

ಆಮೇಲೆ ಕ್ಯೂಗೆ ಹೋದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದು ಸಾಲಿನಲ್ಲಿ ಗೊತ್ತಿಲ್ಲದ ಮನೆತನದ ಹೆಸರು, ಅದಕ್ಕೆ ಅಡ್ಡಗೆರೆ. ಮೇಲೆ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, ನಮ್ಮ ಅಜ್ಜಿಯ ಹೆಸರು. ಅದರ ಮೇಲಿನ ಸಾಲುಗಳಲ್ಲಿ ಅಪ್ಪ, ಅಮ್ಮ. ವಿಳಾಸದ ಜಾಗದಲ್ಲಿ ಬೀದಿಯೂ ಇಲ್ಲ, ಮನೆ ಸಂಖ್ಯೆಯೂ ಇಲ್ಲ, 'ರಾಯಲ್ ಓಕ್' ಎಂದಷ್ಟೇ. ಊರು ಆ ಡೆನ್‌ಗಳಲ್ಲಿ ಒಂದು. ಯಾವುದೆಂದು ಅಜ್ಜಿಯ ಮನೆಯವರಿಗೆ ಮೊದಲು ಹೇಳಬೇಕು, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಈಗ ಅದು ವಾಸದ ಮನೆ. ಇಂದಿನ ಬೀದಿಚಿತ್ರದಲ್ಲಿ ನೆಲಮಹಡಿಯ ಗುರುತೇ ಸಿಗುವುದಿಲ್ಲ. ಮೇಲೆ ನೋಡಿದೆ. ಎಡಕ್ಕೆ ಎರಡು ಕಿಟಕಿ ಒತ್ತೊತ್ತಾಗಿ, ಬಲಕ್ಕೆ ಒಂದು ದೂರದಲ್ಲಿ, ಅದರ ನೇರಕ್ಕೆ ಚಿಮಣಿ. ಫೋಟೋದಲ್ಲಿ ಇದ್ದಂತೆಯೇ.

ಮೊಮ್ಮಗನಿಗೆ ಇವತ್ತು ರಾತ್ರಿ ಫೋನ್ ಮಾಡುತ್ತೇನೆ. ಬರುವ ಶನಿವಾರ ಅವನನ್ನೂ ಕರೆದುಕೊಂಡು, ಫೋಟೋವನ್ನು ಅದೇ ಡಬ್ಬದಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿಬರಬೇಕು.