ರಾಯಚೂರಿನ ಬಿಸಿಲಿನಲ್ಲಿ ಕಡಲ ಮೀನಿನ ತೊಟ್ಟಿ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ರಾಯಚೂರು)

ಆರು ವರ್ಷಗಳಿಂದ ಮನೆಯಲ್ಲಿ ಗಪ್ಪಿ ಮತ್ತು ಗೋಲ್ಡ್‌ಫಿಶ್ ಸಾಕುತ್ತಿದ್ದೇನೆ. ಈಗ ಉಪ್ಪುನೀರಿನ ಅಕ್ವೇರಿಯಂ ಇಡುವ ಆಸೆಯಿಂದ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿಯೊಂದನ್ನು ಮಾಡಿಸಿದ್ದೇನೆ. ನಮ್ಮ ಕೊಳವೆಬಾವಿಯ ನೀರು ಎಷ್ಟು ಗಡಸೆಂದರೆ, ತೊಳೆದಿಟ್ಟ ಸ್ಟೀಲ್ ಬಿಂದಿಗೆಯ ಒಳಗೆ ಹದಿನೈದು ದಿನಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಅಡುಗೆಮನೆಯ ಆರ್‌ಒ ನೀರಿಗೆ ಕಲ್ಲುಪ್ಪು ಬೆರೆಸಿದರೆ ಆಗುವುದಿಲ್ಲವೇ? ಅಥವಾ ಕಾರವಾರಕ್ಕೆ ಹೋಗಿಬರುವ ಸಂಬಂಧಿಕರಿಂದ ಕ್ಯಾನುಗಳಲ್ಲಿ ಕಡಲ ನೀರನ್ನೇ ತರಿಸಲೇ? ಏಪ್ರಿಲ್, ಮೇ ತಿಂಗಳುಗಳ ಬಿಸಿಲು ಮತ್ತು ಆಗಾಗ ಕೈಕೊಡುವ ಕರೆಂಟನ್ನು ನೆನೆದರೆ ಭಯವಾಗುತ್ತದೆ. ಅನುಭವವುಳ್ಳವರು ತಿಳಿಸಬೇಕು.

ಉತ್ತರ 1 (ಬಳ್ಳಾರಿ)

ಕಲ್ಲುಪ್ಪಿನ ಯೋಚನೆಯನ್ನು ಮೊದಲು ಕೈಬಿಡಿ. ಕಡಲ ನೀರಿನ ಲವಣಗಳಲ್ಲಿ ಸೋಡಿಯಂ ಕ್ಲೋರೈಡಿನದೇ ದೊಡ್ಡ ಪಾಲಾದರೂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಮುಂತಾದವು ತಕ್ಕ ಪ್ರಮಾಣದಲ್ಲಿ ಇಲ್ಲದಿದ್ದರೆ ಅಲ್ಲಿಯ ಜೀವಿಗಳು ಬಾಳುವುದಿಲ್ಲ. ಅಕ್ವೇರಿಯಂಗೆಂದೇ ಮಾರುವ ಸಾಗರ ಲವಣದ ಮಿಶ್ರಣವನ್ನು ಲೀಟರಿಗೆ 35ರಿಂದ 40 ಗ್ರಾಂನಂತೆ ಕರಗಿಸಬೇಕು. ನಿಮ್ಮ ತೊಟ್ಟಿ ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್ ಹಿಡಿಯುತ್ತದೆ; ಕಲ್ಲು, ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದರೆ 150 ಲೀಟರ್ ಎಂದಿಟ್ಟುಕೊಳ್ಳಿ, ಮೊದಲ ಸಲಕ್ಕೇ ಆರು ಕಿಲೋ ಮಿಶ್ರಣ ಬೇಕು. ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಈ ಉಪ್ಪುನೀರು ಎಷ್ಟು ಪಟ್ಟು ಭಾರ ಎಂಬ ಅಳತೆ) 1.025ರ ಆಸುಪಾಸಿನಲ್ಲಿರಬೇಕು, ಅದನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ.

ಕಾರವಾರದ ನೀರು ಕೆಟ್ಟದ್ದೇನಲ್ಲ, ಆದರೆ ಕಾಳಿ ನದಿ ಕಡಲು ಸೇರುವ ಕಡೆ ಮಳೆಗಾಲದಲ್ಲಿ ತುಂಬಿದ ನೀರು ಸಪ್ಪೆಯೂ ಕೆಸರೂ ಆಗಿರುತ್ತದೆ. ಮೇಲಾಗಿ ಹದಿನೈದು ದಿನಕ್ಕೊಮ್ಮೆ ಹದಿನೈದಿಪ್ಪತ್ತು ಲೀಟರ್ ನೀರು ಬದಲಿಸಬೇಕಾಗುತ್ತದೆ. ಪ್ರತಿ ಸಲವೂ ನಿಮ್ಮ ಸಂಬಂಧಿಕರು ಕ್ಯಾನು ಹೊರುವರೇ?

ಆರ್‌ಒ ನೀರು ಸರಿ, ಆದರೆ ಕುಡಿಯುವ ನೀರಿಗೆ ರುಚಿ ಬರಲೆಂದು ಅನೇಕ ಯಂತ್ರಗಳಲ್ಲಿ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಟಿಡಿಎಸ್ ಮೀಟರಿನಲ್ಲಿ ಅಂಕಿ ಆದಷ್ಟು ಸೊನ್ನೆಯ ಹತ್ತಿರಕ್ಕೆ ಇಳಿದ ಮೇಲೆಯೇ ನೀರು ಹಿಡಿಯಿರಿ. ಯಂತ್ರದಲ್ಲಿ ನೀರಿಗೆ ತಾಮ್ರ ಬೆರೆಸುವ ತಾಮ್ರದ ಕಾರ್ಟ್ರಿಜ್ ಇದ್ದರೆ ಆ ನೀರು ಬೇಡವೇ ಬೇಡ. ಸೀಗಡಿ, ಶಂಖದ ಹುಳುಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲೂ ನೀರು ಶೇಖರಿಸಬೇಡಿ, ಪ್ಲಾಸ್ಟಿಕ್ ಡ್ರಮ್ಮೇ ಇರಲಿ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನಕ್ಕೆ ಒಂದು ಬೆರಳಿನಷ್ಟು ಇಳಿಯುತ್ತಿತ್ತು, ನಾನು ಅಷ್ಟನ್ನೂ ಉಪ್ಪುನೀರಿನಿಂದಲೇ ತುಂಬುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ ಎಂಬ ಸಣ್ಣ ಸಂಗತಿ ಹೊಳೆಯಲಿಲ್ಲ. ಹತ್ತು ದಿನಗಳಲ್ಲಿ ಸಾಂದ್ರತೆ 1.035 ದಾಟಿ, ಇದ್ದ ಎರಡು ಕ್ಲೌನ್‌ಫಿಶ್‌ಗಳಲ್ಲಿ ಒಂದು ಸತ್ತಿತು. ಅಂದಿನಿಂದ ಗಾಜಿನ ಹೊರಗೆ ನೀಲಿ ಟೇಪಿನ ಗುರುತು ಹಾಕಿದ್ದೇನೆ; ಬೆಳಿಗ್ಗೆ ಚಹಾಕ್ಕೆ ಮೊದಲು ಆ ಗುರುತಿನವರೆಗೆ ಬರೀ ಆರ್‌ಒ ನೀರು ಸುರಿಯುವುದು ನನ್ನ ಕೆಲಸ.

ಉತ್ತರ 2 (ಕೊಪ್ಪಳ)

ಮೇಲಿನವರು ಬಿಸಿಲಿನ ಮಾತು ಬಿಟ್ಟಿದ್ದಾರೆ, ನಮ್ಮ ಕಡೆ ಅದೇ ಮೊದಲನೆಯ ಮಾತು. ತೊಟ್ಟಿಯ ನೀರು 25ರಿಂದ 27 ಡಿಗ್ರಿ ಇರಬೇಕು, ಹೊರಗೆ 42 ಡಿಗ್ರಿ ಇರುತ್ತದೆ. ಮಣ್ಣಿನ ಗಡಿಗೆ ಬೆವರಿ ನೀರು ತಣ್ಣಗಾಗುವ ಹಾಗೆಯೇ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ನಮ್ಮ ಒಣಹವೆ ಇದಕ್ಕೆ ಅನುಕೂಲವೇ. ಕೋಣೆಯಲ್ಲಿ ಕೂಲರ್ ಹಾಕಿದರೆ ಕೋಣೆ ತಂಪಾಗುತ್ತದೆ, ಆದರೆ ಗಾಳಿ ತೇವವಾಗಿ ಫ್ಯಾನಿನ ಬಲ ಅಷ್ಟಕ್ಕಷ್ಟೇ ಆಗುತ್ತದೆ. ಆದ್ದರಿಂದ ಮೇ ತಿಂಗಳಿಗೆ ಫ್ಯಾನೊಂದನ್ನೇ ನಂಬಬೇಡಿ. ಎಸಿ ಇರುವ ಕೋಣೆಯಲ್ಲಿ ತೊಟ್ಟಿ ಇಡಿ, ಇಲ್ಲವಾದರೆ ತೊಟ್ಟಿಯ ನೀರನ್ನು ತಂಪು ಮಾಡುವ ಯಂತ್ರವಾದ ಚಿಲ್ಲರ್ ಕೊಳ್ಳುವ ಹಣ ಜಮೆಯಾಗುವವರೆಗೆ ಮೀನು ತರಬೇಡಿ. ಚಿಲ್ಲರ್ ತಾನು ಹೀರಿದ ಶಾಖವನ್ನು ಹಿಂದೆ ಉಗುಳುವುದರಿಂದ ಅದನ್ನು ಮುಚ್ಚಿದ ಕಪಾಟಿನೊಳಗೆ ಇಡಬಾರದು.

ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಆಮ್ಲಜನಕ ಸುಮಾರು ಐದನೇ ಒಂದು ಪಾಲು ಕಡಿಮೆ ಕರಗುತ್ತದೆ, ಬಿಸಿ ಏರಿದಷ್ಟೂ ಅದು ಇನ್ನೂ ಇಳಿಯುತ್ತದೆ. ಹಾಗಾಗಿ ಕರೆಂಟು ಹೋದಾಗ ಬ್ಯಾಟರಿಯ ಏರ್ ಪಂಪ್ ತಾನೇ ಚಾಲೂ ಆಗುವಂತಿರಲಿ. ಇನ್ವರ್ಟರಿಗೆ ದೀಪ ಬೇಡ, ನೀರು ತಿರುಗಿಸುವ ಪಂಪ್ ಜೋಡಿಸಿ.

ಉತ್ತರ 3 (ಸಿಂಧನೂರು)

ತೊಟ್ಟಿ ತುಂಬಿದ ವಾರಕ್ಕೇ ಮೀನು ಬಿಡುವ ಅಭ್ಯಾಸ ಗಪ್ಪಿಯ ಕಾಲಕ್ಕೇ ಮುಗಿಯಲಿ. ಒಣ ಕಲ್ಲು ಜೋಡಿಸಿ, ಚಿಟಿಕೆ ಮೀನಿನ ಆಹಾರ ಕೊಳೆಯಲು ಬಿಟ್ಟರೆ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಸಂಸಾರ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಒಂದು ಜೋಡಿ ಕ್ಲೌನ್‌ಫಿಶ್ ತನ್ನಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ, ಆದ್ದರಿಂದ ಕಡಲಿನಿಂದ ಹಿಡಿದ ಮೀನಿಗಿಂತ ಸಾಕಿದ ಮರಿಯನ್ನೇ ಕೇಳಿ ಪಡೆಯಿರಿ. ಅಂಗಡಿಯವರು ನಮ್ಮ ಕಡಲಿನ ಹವಳವನ್ನೋ ಕಡಲಕುದುರೆಯನ್ನೋ ತೋರಿಸಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅವಕ್ಕೆ ರಕ್ಷಣೆಯಿದೆ.

ಪ್ರಶ್ನೆ ಕೇಳಿದವರು (ರಾಯಚೂರು)

ಎಲ್ಲರಿಗೂ ಧನ್ಯವಾದಗಳು. ಯಂತ್ರವನ್ನು ಬಿಚ್ಚಿ ನೋಡಿದೆ, ತಾಮ್ರದ ಕಾರ್ಟ್ರಿಜ್ ಇದೆ. ಅದು ಕೊನೆಯ ಹಂತದಲ್ಲಿರುವುದರಿಂದ, ನೀರು ಸೋಸುವ ಆರ್‌ಒ ಪೊರೆಯಿಂದ ಹೊರಬರುವ ಪೈಪಿಗೆ ಅದಕ್ಕಿಂತ ಮೊದಲೇ ಕವಲು ಹಾಕಿ ನೀರು ಹಿಡಿದರೆ ಸರಿಯಾಗುವುದೇ?

ಉತ್ತರ 1 (ಬಳ್ಳಾರಿ)

ಸರಿಯಾಗುತ್ತದೆ, ನಾನೂ ಹಾಗೆಯೇ ಮಾಡಿದ್ದೇನೆ. ಟಿಡಿಎಸ್ ತಿರುಪಿನ ನೀರು ಬಂದು ಕೂಡುವ ಜಾಗಕ್ಕಿಂತಲೂ ಮೊದಲೇ ಕವಲು ಇರಲಿ. ಯಂತ್ರ ಚಾಲೂ ಮಾಡಿದ ಮೊದಲ ಐದು ನಿಮಿಷದ ನೀರನ್ನು ತೊಟ್ಟಿಗೆ ಹಿಡಿಯದೆ ತುಳಸಿಕಟ್ಟೆಗೆ ಬಿಡಿ.