ಮಳೆಗಾಲ ಶುರುವಾದ ಮೇಲೆ ಬ್ರಿಕೆಟ್ ಸಿಡಿಯುತ್ತಿದೆ, ಬಿರುಕು ಬಿಡುತ್ತಿದೆ (ಶಿರಸಿ)

ಹೊಟ್ಟು_ಶಿರಸಿ:
ನಮಸ್ಕಾರ. ಶಿರಸಿ ಹತ್ತಿರ ನನ್ನದೊಂದು ಸಣ್ಣ ಬ್ರಿಕೆಟ್ ಘಟಕ ಇದೆ, ಮರದ ಹೊಟ್ಟನ್ನು ಒತ್ತಿ ಉರುವಲಿನ ಗಟ್ಟಿ ತುಂಡು ಮಾಡುವುದು. 60 ಮಿ.ಮೀ. ಪಿಸ್ಟನ್ ಪ್ರೆಸ್, ಅಂಟು ಏನೂ ಹಾಕುವುದಿಲ್ಲ. ಮೂರು ಸಾಮಿಲ್‌ಗಳಿಂದ ಅಕೇಶಿಯಾ, ಸಾಗವಾನಿ ಹೊಟ್ಟು ಬರುತ್ತದೆ. ಮೇ ತನಕ ಕಲ್ಲಿನಂಥ ಬ್ರಿಕೆಟ್ ಬರುತ್ತಿತ್ತು. ಜೂನ್ ಮಧ್ಯದಿಂದ ಡೈ (ಹೊಟ್ಟನ್ನು ಒತ್ತುವ ಅಚ್ಚು) ಬಾಯಲ್ಲೇ ಪಟ್ ಅಂತ ಸಿಡಿದು ತುಂಡಾಗುತ್ತಿದೆ. ಉಳಿದದ್ದು ಎರಡು ದಿನದಲ್ಲಿ ಬಿರುಕು. ಡೈ ಸವೆದಿದೆ ಎಂದರು, ಹೊಸದು ಹಾಕಿಸಿದೆ. ಹಾಗೇ ಇದೆ.

ತೇವ ಕಾರಣ ಅಲ್ಲ ಅನ್ನಿಸುತ್ತದೆ. ಮರಕ್ಕೆ ಚುಚ್ಚುವ ಮೀಟರ್ 11 ತೋರಿಸುತ್ತದೆ. ರಾಶಿಯೊಳಗೆ ಕೈ ಹಾಕಿದರೆ ಬಿಸಿ ಬೇರೆ. ಒಣಗುತ್ತಲೇ ಇದೆ ಅಲ್ವಾ? ಕುಮಟಾ ಕಡೆಯ ಗೇರುಬೀಜ ಕಾರ್ಖಾನೆಯ ಬಾಯ್ಲರ್‌ಗೆ ಲೋಡ್ ಕಳಿಸಬೇಕು. ದಯವಿಟ್ಟು ಹೇಳಿ.

ದಾಂಡೇಲಿ_ಬಾಯ್ಲರ್:
ಮೀಟರ್ ಪಕ್ಕಕ್ಕಿಡಿ. ಅದು ಗಟ್ಟಿ ಮರಕ್ಕೆ ಮಾಡಿದ್ದು. ಸಡಿಲ ಹೊಟ್ಟಿನಲ್ಲಿ ಕಣಗಳ ನಡುವೆ ಗಾಳಿ ಇರುತ್ತದೆ, ಕರೆಂಟು ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ಕಡಿಮೆ ತೋರಿಸುತ್ತದೆ. ರಾಶಿಯ ಹೊಟ್ಟೆಯಿಂದ 100 ಗ್ರಾಂ ತೆಗೆದು, ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಿ. ಎಷ್ಟು ಗ್ರಾಂ ಇಳಿಯಿತೋ ಅಷ್ಟು ಪ್ರತಿಶತ ತೇವ.

ಅಂಟಿಲ್ಲದೆ ಬ್ರಿಕೆಟ್ ಹಿಡಿಯುವುದು ಮರದಲ್ಲೇ ಇರುವ ಲಿಗ್ನಿನ್‌ನಿಂದ. ಒತ್ತಡಕ್ಕೆ, ತಿಕ್ಕಾಟದ ಬಿಸಿಗೆ ಅದು ಮೆತ್ತಗಾಗುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಅದಕ್ಕೆ 8ರಿಂದ 12 ಪ್ರತಿಶತ ತೇವ ಬೇಕು. ತೀರಾ ಒಣಗಿದರೂ ಕಷ್ಟವೇ. ಜಾಸ್ತಿಯಾದರೆ ಆ ನೀರು ಡೈಯೊಳಗೆ ಆವಿಯಾಗುತ್ತದೆ. ಹೊರಗೆ ಬಂದ ತಕ್ಷಣ ಒತ್ತಡ ಬಿಟ್ಟು ಒಡೆದುಕೊಂಡು ಹೋಗುತ್ತದೆ. ನಿಮ್ಮ ಪಟ್ ಶಬ್ದ ಅದೇ.

ಆ ಬಿಸಿ ಒಣಗುವ ಬಿಸಿ ಅಲ್ಲ. ಗೊಬ್ಬರದ ಗುಂಡಿಯ ಹಾಗೆ ಒಳಗೆ ಕೊಳೆಯುತ್ತಿದೆ. ಉರಿಯಬೇಕಾದ ಶಕ್ತಿ ಸುಮ್ನೆ ಹೋಗುತ್ತಿದೆ. ಜಾಸ್ತಿ ಕಾದರೆ ದೊಡ್ಡ ರಾಶಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಇವತ್ತೇ ಹರಡಿ.

ಹೊಟ್ಟು_ಶಿರಸಿ:
ಮನೆಯ ಕೇಕ್ ಓವನ್‌ನಲ್ಲಿ ಇಟ್ಟೆ. 100 ಗ್ರಾಂ ಹಾಕಿದ್ದು 78ಕ್ಕೆ ನಿಂತಿತು. 22 ಪ್ರತಿಶತ! ಡೈಗೆ ಸುಮ್ನೆ ದುಡ್ಡು ಹಾಕಿದೆ. ಈ ಮಳೆಯಲ್ಲಿ ಒಣಗಿಸುವುದು ಹೇಗೆ? ಬಿಸಿಲೇ ಇಲ್ಲ.

ಗಾಳಿಮರ_ಕಾರವಾರ:
ಇಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ, ನಾನು ಇದರಲ್ಲಿ ಬೆಂದವನು. ತಾಡಪಾಲು ಮೇಲಿಂದ ಮಾತ್ರ ಕಾಯುತ್ತದೆ. ನೆಲದ ತೇವ ಕೆಳಗಿನಿಂದ ಏರುತ್ತದೆ. ಹಲಗೆ ಹಾಕಿ ಒಂದಡಿ ಎತ್ತರಿಸಿ, ಪಕ್ಕ ಗಾಳಿಯಾಡಲಿ. ಸಾಮಿಲ್‌ನವರಿಗೂ ಹೇಳಿ, ಹಸಿ ಅಕೇಶಿಯಾ ಹೊಟ್ಟನ್ನು ಹಳೆ ಸಾಗವಾನಿಯ ಜೊತೆ ಬೆರೆಸಬೇಡಿ ಅಂತ. ಎರಡೂ ಬೇರೆ ಬೇರೆ ಚೀಲದಲ್ಲಿ ಬರಲಿ. ಒಣಗಿದ್ದನ್ನೂ ಹಸಿ ಹೊಟ್ಟು ಹಾಳು ಮಾಡುತ್ತದೆ.

ಒಣಗಿಸಲು ಜಾಗ ನಿಮ್ಮ ಪಕ್ಕದಲ್ಲೇ ಇದೆ. ಅಡಿಕೆ ಒಣಗಿಸುವ ಪಾಲಿಹೌಸ್ ಈಗ ಖಾಲಿ ಬಿದ್ದಿರುತ್ತದೆ ಅಲ್ವಾ? ಕೊಯ್ಲು ನವೆಂಬರ್ ಮೇಲೆ. ಎರಡು ಇಂಚು ದಪ್ಪ ಹರಡಿ, ದಿನಕ್ಕೆ ನಾಲ್ಕು ಸಲ ತಿರುವಿ. ಬಿಸಿಲಿಲ್ಲದ ದಿನ ಹೊರಗೆ ಒಲೆ ಹೂಡಿ, ನಿಮ್ಮದೇ ಒಡೆದ ಬ್ರಿಕೆಟ್ ಉರಿಸಿ, ಹೊಗೆ ಕೊಳವೆಯನ್ನು ಒಳಗಿಂದ ಹಾಯಿಸಿ. ಕೊಳವೆ ಪ್ಲಾಸ್ಟಿಕ್ಕಿಗೂ ಹೊಟ್ಟಿಗೂ ತಾಗದಂತೆ ದೂರ ಇರಲಿ. ಕಿಡಿ ಒಳಗೆ ಹೋಗಲೇಬಾರದು. ತೇವದ ಗಾಳಿ ಹೊರಹೋಗಲು ಫ್ಯಾನ್ ಇಡಿ, ಇಲ್ಲದಿದ್ದರೆ ಬೆವರಿ ಮತ್ತೆ ಹೊಟ್ಟಿನ ಮೇಲೇ ಬೀಳುತ್ತದೆ.

ದಾಂಡೇಲಿ_ಬಾಯ್ಲರ್:
ಲೆಕ್ಕ: 100 ಕಿಲೋ ಹೊಟ್ಟನ್ನು 22ರಿಂದ 10ಕ್ಕೆ ಇಳಿಸಲು ಸುಮಾರು 13 ಕಿಲೋ ನೀರು ಹೊರಹೋಗಬೇಕು. ಪ್ರೆಸ್ ಮುಂದಿನ ತಣಿಸುವ ಹಳಿ, ಅಂದರೆ ಬ್ರಿಕೆಟ್ ಹೊರಬಂದು ತಣಿಯುತ್ತಾ ಸಾಗುವ ದಾರಿ, ಎಷ್ಟು ಉದ್ದ ಇದೆ? ಗಿಡ್ಡ ಇದ್ದರೆ ಉದ್ದ ಮಾಡಿಸಿ. ಹಿಡಿತದಲ್ಲೇ ತಣಿದರೆ ಬಿರುಕು ಕಡಿಮೆ.

ಹೊಟ್ಟು_ಶಿರಸಿ:
ಹನ್ನೆರಡು ದಿನ ಆಯಿತು. ಪಕ್ಕದ ತೋಟದವರು ಪಾಲಿಹೌಸ್ ಕೊಟ್ಟರು. ಎರಡು ದಿನಕ್ಕೆ 22 ಇದ್ದದ್ದು 11ಕ್ಕೆ ಬಂತು, ಓವನ್ ತೂಕದಲ್ಲೇ. ಸಿಡಿಯುವುದು ನಿಂತಿದೆ. ಹಳಿ ಎಂಟಡಿ ಇತ್ತು, ಹದಿನಾರು ಮಾಡಿಸಿದೆ. ಮೊದಲ ಲೋಡು ನಿನ್ನೆ ದೇವಿಮನೆ ಘಟ್ಟ ಇಳಿಯಿತು, ಮೂರು ಪದರ ತಾಡಪಾಲು ಹೊದಿಸಿ. ಬ್ರಿಕೆಟ್ ಗೋದಾಮಿನಲ್ಲಿ ಎಷ್ಟು ದಿನ ತಡೆಯುತ್ತದೆ ಎಂದು ಕಾರ್ಖಾನೆಯವರು ಕೇಳುತ್ತಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟು ನೋಡಿದವರು ಯಾರಾದರೂ ಇದ್ದೀರಾ?