ಅಮಿಗಾ 500ರ ಗಡಿಯಾರ ದಿನಾಂಕ ಉಳಿಸಿಕೊಳ್ಳುತ್ತಿಲ್ಲ: ಅನುಭವವಿರುವವರು ತಿಳಿಸಿಕೊಡಿ

ಮೈಸೂರಿನಿಂದ, ಪ್ರಶ್ನೆ:

ನಮ್ಮ ತಂದೆಯವರು 1989ರಲ್ಲಿ ಜರ್ಮನಿಯಲ್ಲಿ ತರಬೇತಿ ಮುಗಿಸಿ ಬರುವಾಗ ತಂದ ಕೊಮೊಡೋರ್ ಅಮಿಗಾ 500 ಕಂಪ್ಯೂಟರ್ ಬಹಳ ವರ್ಷ ಅಟ್ಟದ ಮೇಲಿತ್ತು. ಕಳೆದ ತಿಂಗಳು ಅದನ್ನು ಇಳಿಸಿ, ಅದರ ವಿದ್ಯುತ್ ಪೆಟ್ಟಿಗೆಯ ವೋಲ್ಟೇಜುಗಳನ್ನು ಅಳೆದು ನೋಡಿಕೊಂಡು ಚಾಲೂ ಮಾಡಿದೆ. ಅದರ ಕಾರ್ಯವ್ಯವಸ್ಥೆಯಾದ ವರ್ಕ್‌ಬೆಂಚ್ 1.3 ತೊಂದರೆಯಿಲ್ಲದೆ ಬಂತು. ಆದರೆ ದಿನಾಂಕ ಮಾತ್ರ ಪ್ರತಿ ಸಲವೂ 1991ರ ಆಗಸ್ಟ್ 14 ಎಂದೇ ಇರುತ್ತದೆ. ಡೇಟ್ ಆಜ್ಞೆಯಿಂದ ಬೇರೆ ದಿನಾಂಕ ಕೊಟ್ಟು, ಅದನ್ನು ಗಡಿಯಾರಕ್ಕೆ ಉಳಿಸಲು ಸೆಟ್‌ಕ್ಲಾಕ್ ಸೇವ್ ಎಂದು ಬರೆದು, ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಪುನಃ ಅದೇ ದಿನ. ಯಂತ್ರದ ಅಡಿಯಲ್ಲಿರುವ ಮುಚ್ಚಳದೊಳಗೆ ಎ501 ಎಂಬ ವಿಸ್ತರಣಾ ಫಲಕವಿದೆ, ಗಡಿಯಾರ ಅದರಲ್ಲೇ ಇರುವುದೆಂದು ಕೈಪಿಡಿ ಹೇಳುತ್ತದೆ. ಅದರೊಳಗಿನ ಬ್ಯಾಟರಿ 1991ರಲ್ಲೇ ಸತ್ತು ಗಡಿಯಾರ ಆ ದಿನಕ್ಕೆ ನಿಂತುಬಿಟ್ಟಿದೆಯೇ? ಬ್ಯಾಟರಿ ಬದಲಾಯಿಸಿದರೆ ಸಾಕೇ, ಮತ್ತು ಈಗಿನ ಕಂಪ್ಯೂಟರುಗಳಲ್ಲಿರುವ ಸಿಆರ್2032 ಬಿಲ್ಲೆಯನ್ನೇ ಅಲ್ಲಿ ಬೆಸೆಯಬಹುದೇ? ಬೆಸುಗೆ ಕೆಲಸ ಸ್ವಲ್ಪ ಬರುತ್ತದೆ, ಮಲ್ಟಿಮೀಟರ್ ಇದೆ.

ಲೆಸ್ಟರ್‌ನಿಂದ:

ಇಂಗ್ಲೆಂಡಿನಲ್ಲಿ ಈ ಯಂತ್ರಗಳು ಅಪಾರವಾಗಿ ಬಳಕೆಯಲ್ಲಿದ್ದುದರಿಂದ ಕೆಟ್ಟ ಎ501 ಫಲಕಗಳು ನನಗೆ ಸುಲಭವಾಗಿ ಸಿಗುತ್ತವೆ, ಈವರೆಗೆ ಏಳನ್ನು ದುರಸ್ತಿ ಮಾಡಿದ್ದೇನೆ. ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವ ಮೊದಲು ಒಂದು ವಿನಂತಿ: ಈ ಬರಹವನ್ನು ಓದಿ ಮುಗಿಸಿದ ಕೂಡಲೇ ಯಂತ್ರವನ್ನು ಆರಿಸಿ ಎ501 ಫಲಕವನ್ನು ಹೊರಕ್ಕೆಳೆಯಿರಿ. ಅದಿಲ್ಲದೆಯೂ ಅಮಿಗಾ 500 ತನ್ನದೇ 512 ಕಿಲೋಬೈಟ್ ಸ್ಮೃತಿಯೊಂದಿಗೆ ಚೆನ್ನಾಗಿ ನಡೆಯುತ್ತದೆ, ಆದ್ದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ನಿಮ್ಮ ಗಡಿಯಾರ 1991ಕ್ಕೆ ನಿಂತಿಲ್ಲ. ಗಡಿಯಾರದಿಂದ ಸಮಯ ಸಿಗದಿದ್ದಾಗ ಈ ಯಂತ್ರ ತಾನು ಯಾವ ಡಿಸ್ಕಿನಿಂದ ಶುರುವಾಯಿತೋ ಆ ಡಿಸ್ಕಿನ ಮೇಲೆ ಕೊನೆಯ ಸಲ ಬರೆದ ದಿನಾಂಕವನ್ನೇ ಎತ್ತಿಕೊಂಡು ಅಲ್ಲಿಂದ ಎಣಿಕೆ ಆರಂಭಿಸುತ್ತದೆ. ನೀವು ನೋಡುತ್ತಿರುವುದು ಆ ದಿನಾಂಕವನ್ನು. ವರ್ಕ್‌ಬೆಂಚ್ ಡಿಸ್ಕಿನ ಪ್ರತಿಯೊಂದನ್ನು ಮಾಡಿಕೊಂಡು, ದಿನಾಂಕ ಬದಲಿಸಿ, ಆ ಪ್ರತಿಯ ಮೇಲೆ ಒಂದು ಸಣ್ಣ ಕಡತ ಉಳಿಸಿ, ಅದರಿಂದಲೇ ಮತ್ತೆ ಶುರು ಮಾಡಿ ನೋಡಿದರೆ ನಿಮಗೇ ಖಾತ್ರಿಯಾಗುತ್ತದೆ. ಮೂಲ ಡಿಸ್ಕಿನ ಬರಹತಡೆಯ ಕಿಟಕಿಯನ್ನು ಮಾತ್ರ ತೆರೆದೇ ಇಡಿ. ಯಂತ್ರ ಶುರುವಾಗುವಾಗ ತಾನಾಗಿ ನಡೆಸುವ ಆಜ್ಞೆಗಳಿರುವ ಸ್ಟಾರ್ಟಪ್ ಸೀಕ್ವೆನ್ಸ್ ಕಡತದಲ್ಲಿ, ಗಡಿಯಾರದಿಂದ ಸಮಯ ಓದುವ ಸೆಟ್‌ಕ್ಲಾಕ್ ಲೋಡ್ ಎಂಬ ಸಾಲು ಇದೆಯೇ ಎಂದೂ ನೋಡಿಕೊಳ್ಳಿ, ಏಕೆಂದರೆ ಹಿಂದಿನವರು ವೇಗಕ್ಕಾಗಿ ಆ ಸಾಲನ್ನು ತೆಗೆದುಹಾಕಿದ್ದರೆ ಗಡಿಯಾರ ಸರಿಯಿದ್ದರೂ ಯಂತ್ರ ಅದನ್ನು ಕೇಳುವುದೇ ಇಲ್ಲ.

ಇನ್ನು ಬ್ಯಾಟರಿಯ ವಿಷಯ. ಎ501ರಲ್ಲಿ ಇರುವುದು 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಅಂದರೆ 1.2 ವೋಲ್ಟಿನ ಮೂರು ಕೋಶಗಳನ್ನು ಒಂದರ ಮೇಲೊಂದು ಪೇರಿಸಿ ಹೊದಿಕೆ ಹಾಕಿದ್ದು. ಅದರೊಳಗಿನ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಮೂವತ್ತೈದು ವರ್ಷಗಳ ಬಳಿಕ ಈ ಬ್ಯಾಟರಿ ಸೋರದೆ ಉಳಿದಿರುವುದನ್ನು ನಾನು ಏಳು ಫಲಕಗಳಲ್ಲಿ ಒಂದರಲ್ಲಿ ಮಾತ್ರ ಕಂಡಿದ್ದೇನೆ. ಫಲಕಕ್ಕೆ ತಗಡಿನ ಕವಚ ತೊಡಿಸಿರುವುದರಿಂದ ಸೋರಿಕೆ ಹೊರಗೆ ಕಾಣುವುದಿಲ್ಲ, ಕವಚದ ಮಡಿಕೆಗಳನ್ನು ನೇರ ಮಾಡಿ ತೆರೆದ ಮೇಲೆಯೇ ಬಿಳಿಯ ಹರಳು, ತಾಮ್ರ ಕೊಳೆತ ಹಸಿರು, ಹೊಳಪು ಕಳೆದುಕೊಂಡು ಬೂದಿಯ ಬಣ್ಣಕ್ಕೆ ತಿರುಗಿದ ಬೆಸುಗೆ ಇವೆಲ್ಲ ಕಣ್ಣಿಗೆ ಬೀಳುತ್ತವೆ.

ನಾನು ಮೊದಲ ಫಲಕದಲ್ಲಿ ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ದಾರಿಯಲ್ಲಿದೆ. ಹಳೆಯ ಬ್ಯಾಟರಿಯನ್ನು ಕತ್ತರಿಸಿ, ಮೇಲಿನ ಹಸಿರನ್ನು ಬ್ರಷ್‌ನಿಂದ ಉಜ್ಜಿ, ಹೊಸ ಬ್ಯಾಟರಿ ಬೆಸೆದೆ. ಗಡಿಯಾರ ಎರಡು ತಿಂಗಳು ಸರಿಯಾಗಿ ನಡೆದು ಮತ್ತೆ ನಿಂತಿತು. ಬಿಚ್ಚಿ ನೋಡಿದಾಗ ಫಲಕದ ಹಸಿರು ಲೇಪದ ಕೆಳಗೆ ಉಳಿದುಕೊಂಡಿದ್ದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತಲೇ ಹೋಗಿತ್ತು, ಗೆರೆಯೊಂದು ಕೂದಲೆಳೆಯಷ್ಟೂ ಉಳಿದಿರಲಿಲ್ಲ. ಅಂದಿನಿಂದ ಹೊಸ ಬ್ಯಾಟರಿಯನ್ನು ನಾನು ಎಲ್ಲಕ್ಕಿಂತ ಕೊನೆಗೆ ಹಾಕುತ್ತೇನೆ. ಮೊದಲು ಹಳೆಯದನ್ನು ತೆಗೆಯುವುದು, ಆಮೇಲೆ ಕ್ಷಾರವನ್ನು ಕೊಲ್ಲುವುದು, ಆಮೇಲೆ ಗೆರೆಗೆರೆಯನ್ನೂ ಮೀಟರಿನಿಂದ ಪರೀಕ್ಷಿಸುವುದು, ಗಡಿಯಾರ ಚಿಪ್ ಓದುತ್ತದೆ ಬರೆಯುತ್ತದೆ ಎಂದು ಗೊತ್ತಾದ ಮೇಲಷ್ಟೇ ಬ್ಯಾಟರಿ.

ಕ್ಷಾರವನ್ನು ಕೊಲ್ಲಲು ಆಮ್ಲ ಬೇಕು. ಅನೇಕರು ಬ್ಯಾಟರಿ ಸೋರಿಕೆ ಎಂದರೆ ಅಡುಗೆ ಸೋಡಾ ಎಂದುಕೊಳ್ಳುತ್ತಾರೆ, ಅದು ಕಾರಿನ ಸೀಸದ ಬ್ಯಾಟರಿಯ ಆಮ್ಲಕ್ಕೆ ಸರಿ, ಇಲ್ಲಿ ಅದರಿಂದ ಏನೂ ಆಗುವುದಿಲ್ಲ. ಬಣ್ಣವಿಲ್ಲದ ವಿನೆಗರ್ ಅಥವಾ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪು ಸಾಕು. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಹಚ್ಚಿ, ನೊರೆ ನಿಲ್ಲುವವರೆಗೆ ಬಿಟ್ಟು, ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಯಿಸಿ ಎರಡು ದಿನ ಒಣಗಲು ಬಿಡಿ. ವಿನೆಗರನ್ನು ತೊಳೆಯದೆ ಬಿಟ್ಟರೆ ಅದೂ ತಾಮ್ರವನ್ನು ತಿನ್ನುತ್ತದೆ. ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ, ಕ್ಷಾರ ಕಣ್ಣಿಗೆ ಸಿಡಿದರೆ ಅಪಾಯ. ಕ್ಯಾಡ್ಮಿಯಂ ವಿಷವಾದ್ದರಿಂದ ತೆಗೆದ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಬೂದಿಬಣ್ಣಕ್ಕೆ ತಿರುಗಿದ ಬೆಸುಗೆ ಸುಲಭವಾಗಿ ಕರಗುವುದಿಲ್ಲ. ಆತುರಪಟ್ಟು ಕಾವು ಹೆಚ್ಚಿಸಿದರೆ ಫಲಕದ ತಾಮ್ರವೇ ಎದ್ದುಬರುತ್ತದೆ. ಧಾರಾಳವಾಗಿ ಫ್ಲಕ್ಸ್ ಹಚ್ಚಿ, ಹೊಸ ಬೆಸುಗೆಯನ್ನು ಬೆರೆಸಿ, ಎರಡನ್ನೂ ಒಟ್ಟಿಗೆ ಹೀರಿ ತೆಗೆಯಿರಿ. ಫಲಕವನ್ನು ಯಂತ್ರಕ್ಕೆ ಸೇರಿಸುವ 56 ಪಿನ್ನುಗಳ ಜೋಡಣೆಯನ್ನೂ, ಯಂತ್ರದ ಕಡೆಯ ಪಿನ್ನುಗಳನ್ನೂ ನೋಡದೆ ಬಿಡಬೇಡಿ, ದ್ರವ ಅಲ್ಲಿಯವರೆಗೆ ಹರಿದಿರುವುದುಂಟು. ಶುಚಿ ಮಾಡಿದ ಮೇಲೆ ಬ್ಯಾಟರಿಯಿಲ್ಲದೆಯೇ ಫಲಕವನ್ನು ಸಿಕ್ಕಿಸಿ ಶುರು ಮಾಡಿ, ವರ್ಕ್‌ಬೆಂಚಿನ ಮೇಲಂಚಿನಲ್ಲಿ ಕಾಣುವ ಖಾಲಿ ಸ್ಮೃತಿಯ ಸಂಖ್ಯೆಯನ್ನು ಓದಿ. ಅದು 5,24,288ಕ್ಕಿಂತ ಹೆಚ್ಚಿದ್ದರೆ ಎ501ರ ಸ್ಮೃತಿ ಯಂತ್ರಕ್ಕೆ ಸಿಗುತ್ತಿದೆ, ಹಾಗಾದರೆ ದೋಷ ಗಡಿಯಾರದ ಮೂಲೆಗೆ ಮಾತ್ರ ಸೀಮಿತ ಎಂದು ನೆಮ್ಮದಿಯಿಂದ ಮುಂದುವರಿಯಬಹುದು.

ಬೆಂಗಳೂರಿನಿಂದ:

ಮೇಲಿನವರು ಹೇಳಿದ ಕ್ರಮವನ್ನೇ ನಾನೂ ಅನುಸರಿಸುತ್ತೇನೆ. ಗಡಿಯಾರದ ಮೂಲೆಯನ್ನು ಅಳೆಯುವ ಬಗೆಯನ್ನು ಮಾತ್ರ ಸೇರಿಸುತ್ತೇನೆ.

ಅಲ್ಲಿರುವ ಚಿಪ್ ಓಕಿ ಸಂಸ್ಥೆಯ ಎಂಎಸ್‌ಎಂ6242ಬಿ, ಹದಿನೆಂಟು ಕಾಲುಗಳದ್ದು. ಅದರ 18ನೇ ಕಾಲಿಗೆ ವಿದ್ಯುತ್, 9ನೆಯದಕ್ಕೆ ನೆಲ, 16 ಮತ್ತು 17ಕ್ಕೆ ಗಡಿಯಾರದ ಲಯ ಕೊಡುವ ಸ್ಫಟಿಕ, 8 ಮತ್ತು 10ಕ್ಕೆ ಓದು ಬರಹದ ಸಂಕೇತಗಳು, 11ರಿಂದ 14ರವರೆಗೆ ದತ್ತಾಂಶದ ನಾಲ್ಕು ಗೆರೆಗಳು. ಈ ಪ್ರತಿಯೊಂದು ಕಾಲಿನಿಂದ ಅದರ ಗೆರೆ ಕೊನೆಗೊಳ್ಳುವಲ್ಲಿಯವರೆಗೆ ಮೀಟರನ್ನು ಶಬ್ದದ ಪರೀಕ್ಷೆಗೆ ಇಟ್ಟು ನೋಡಿ. ದತ್ತಾಂಶದ ಒಂದೇ ಗೆರೆ ಕಡಿದಿದ್ದರೂ ದಿನಾಂಕ ಅರ್ಥವಿಲ್ಲದ ಅಂಕಿಗಳಾಗಿ ಬರುತ್ತದೆ, ಆಗ ಚಿಪ್ ಸತ್ತಿದೆ ಎಂದು ತಪ್ಪಾಗಿ ತಿಳಿದು ಬದಲಾಯಿಸುವವರಿದ್ದಾರೆ.

ಗೆರೆಗಳೆಲ್ಲ ಸರಿಯಿದ್ದೂ ಗಡಿಯಾರ ಮುಂದಕ್ಕೆ ಹೋಗದಿದ್ದರೆ ಇನ್ನೊಂದು ಸಾಧ್ಯತೆಯಿದೆ. ಈ ಚಿಪ್ಪಿನ ನಿಯಂತ್ರಣ ಅಂಕಗಳಲ್ಲಿ ಪರೀಕ್ಷೆಗೆಂದೂ ನಿಲುಗಡೆಗೆಂದೂ ಒಂದೊಂದು ಬಿಟ್ ಇವೆ, ವಿದ್ಯುತ್ ಪೂರ್ತಿ ಹೋಗಿ ಮರಳಿ ಬಂದಾಗ ಅವು ಎಲ್ಲೆಲ್ಲಿಯೋ ನಿಂತಿರಬಹುದು. ವರ್ಕ್‌ಬೆಂಚಿನ ಮುಂದಿನ ಆವೃತ್ತಿಗಳ ಸೆಟ್‌ಕ್ಲಾಕ್ ಆಜ್ಞೆಯಲ್ಲಿ ರೀಸೆಟ್ ಎಂಬ ಆಯ್ಕೆಯನ್ನು ಇದಕ್ಕೆಂದೇ ಕೊಟ್ಟಿದ್ದಾರೆ.

ಈಗ ಸಿಆರ್2032. ನೇರವಾಗಿ ಬೆಸೆಯಲೇಬೇಡಿ. ಎ501 ತನ್ನ ಬ್ಯಾಟರಿಯನ್ನು ಯಂತ್ರ ನಡೆಯುವಾಗಲೆಲ್ಲ ಚಾರ್ಜ್ ಮಾಡುತ್ತದೆ, ಸಿಆರ್2032 ಚಾರ್ಜ್ ಮಾಡಬಾರದ ಲಿಥಿಯಂ ಕೋಶ, ಹಾಗೆ ಮಾಡಿದರೆ ಉಬ್ಬಿ ಒಡೆಯಬಹುದು. ಬಿಲ್ಲೆಯ ಧನ ತುದಿಗೆ ಸರಣಿಯಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿ, ಅದರ ಪಟ್ಟಿಯಿರುವ ತುದಿ ಫಲಕದ ಕಡೆಗಿರಲಿ. ನಾನು ಬಳಸುವುದು ಸಾಮಾನ್ಯ 1ಎನ್4148. ವೋಲ್ಟೇಜ್ ಕಡಿಮೆ ನಷ್ಟವಾಗಲೆಂದು ದೊಡ್ಡ ಶಾಟ್ಕಿ ಡಯೋಡ್ ಹಾಕುವವರಿದ್ದಾರೆ, ಅವುಗಳಲ್ಲಿ ಹಿಮ್ಮುಖ ಸೋರಿಕೆ ಹೆಚ್ಚು, ಆ ಸೋರಿಕೆಯೇ ಬಿಲ್ಲೆಯನ್ನು ಚಾರ್ಜ್ ಮಾಡತೊಡಗುತ್ತದೆ. ಇಷ್ಟು ಸಣ್ಣ ಪ್ರವಾಹದಲ್ಲಿ 4148 ನುಂಗುವುದು ಸುಮಾರು ಅರ್ಧ ವೋಲ್ಟ್, ಚಿಪ್ಪಿಗೆ ಸಮಯ ಉಳಿಸಿಕೊಳ್ಳಲು 2 ವೋಲ್ಟ್ ಸಾಕಾಗಿರುವುದರಿಂದ ಉಳಿದ ಎರಡೂವರೆ ವೋಲ್ಟಿನಲ್ಲಿ ಕೊರತೆಯಾಗುವುದಿಲ್ಲ. ಬಿಲ್ಲೆಯನ್ನು ನೇರ ಬೆಸೆಯದೆ ಹಿಡಿಕೆಯಲ್ಲಿ ಕೂರಿಸಿ, ಡಯೋಡ್ ಮತ್ತು ಹಿಡಿಕೆ ಎರಡೂ ನಮ್ಮ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಬ್ಯಾಟರಿಯ ಬದಲು, ವಿದ್ಯುದಾವೇಶ ತುಂಬಿಟ್ಟುಕೊಳ್ಳುವ ಸೂಪರ್ ಕೆಪಾಸಿಟರ್ ಹಾಕುವ ಸಲಹೆಯೂ ನಿಮಗೆ ಬರಬಹುದು. ಅದು ಸೋರಿ ಫಲಕ ಕೆಡಿಸುವ ಭಯ ಕಡಿಮೆ ನಿಜ, ಆದರೆ 1 ಫ್ಯಾರಡ್‌ನದ್ದು 5 ವೋಲ್ಟಿನಿಂದ 2ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು 3 ಕೂಲಂಬ್, 10 ಮೈಕ್ರೋಆಂಪಿಯರ್ ಲೆಕ್ಕಕ್ಕೆ ಮೂರೂವರೆ ದಿನ. ತಿಂಗಳಿಗೊಮ್ಮೆ ಹಚ್ಚುವ ಯಂತ್ರಕ್ಕೆ ಅದು ಉಪಯೋಗವಿಲ್ಲ.

ಬಿಲ್ಲೆ ಹಾಕಿದ ದಿನವೇ ಒಂದು ಅಳತೆ ಮಾಡಿಡಿ. ಬಿಲ್ಲೆಯೊಂದಿಗೆ ಸರಣಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಯಂತ್ರ ಆರಿರುವಾಗ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. ಒಂದು ಮಿಲಿವೋಲ್ಟ್ ಎಂದರೆ ಒಂದು ಮೈಕ್ರೋಆಂಪಿಯರ್. ಹತ್ತರೊಳಗೆ ಬಂದರೆ 220 ಮಿಲಿಆಂಪಿಯರ್ ಗಂಟೆಯ ಬಿಲ್ಲೆ ಲೆಕ್ಕದ ಪ್ರಕಾರ ಎರಡೂವರೆ ವರ್ಷ ಬಾಳುತ್ತದೆ. ನೂರಾರು ಬಂದರೆ 15ನೇ ಕಾಲನ್ನು ಅಳೆಯಿರಿ. ಯಂತ್ರ ಆರಿದಾಗ ಆ ಕಾಲು ಸೊನ್ನೆಗೆ ಇಳಿಯಬೇಕು, ಆಗಲೇ ಚಿಪ್ ಹೊರಗಿನ ಗೆರೆಗಳಿಂದ ಕಳಚಿಕೊಂಡು ಮಿತವ್ಯಯಕ್ಕೆ ಹೋಗುವುದು. ಅದನ್ನು ಇಳಿಸುವ ಟ್ರಾನ್ಸಿಸ್ಟರ್ ಮತ್ತು ರೆಸಿಸ್ಟರುಗಳು ಬ್ಯಾಟರಿಯ ಸುತ್ತಮುತ್ತಲೇ ಇರುವುದರಿಂದ ಸೋರಿಕೆಗೆ ಮೊದಲು ಬಲಿಯಾಗುವವುಗಳಲ್ಲಿ ಅವೂ ಸೇರಿವೆ.

ಧಾರವಾಡದಿಂದ:

ಗಡಿಯಾರ ನಡೆಯುತ್ತದೆ ಆದರೆ ದಿನಕ್ಕೆ ನಾಲ್ಕೈದು ನಿಮಿಷ ಹಿಂದೆ ಬೀಳುತ್ತದೆ ಎಂಬ ಕಷ್ಟ ನನಗೆ ಅಮಿಗಾ 2000ದಲ್ಲಿ ಬಂದಿತ್ತು, ಅದರಲ್ಲೂ ಇದೇ ಚಿಪ್. ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಸೆಕೆಂಡು ಸಿಗುತ್ತದೆ. ಆ ಕಂಪನದ ಶಕ್ತಿ ತೀರಾ ಕ್ಷೀಣವಾದ್ದರಿಂದ ಎರಡು ಕಾಲುಗಳ ನಡುವೆ ಕಣ್ಣಿಗೆ ಕಾಣದಷ್ಟು ಕ್ಷಾರದ ಪೊರೆ ಉಳಿದಿದ್ದರೂ ಕಂಪನ ತಡವರಿಸುತ್ತದೆ. ಸ್ಫಟಿಕವನ್ನು ಬಿಚ್ಚಿ, ಅದರಡಿಯ ಜಾಗವನ್ನು ಆಲ್ಕೋಹಾಲಿನಿಂದ ತೊಳೆದದ್ದಕ್ಕೇ ನನ್ನದು ಸರಿಹೋಯಿತು. ಆಸಿಲೋಸ್ಕೋಪ್ ಇದ್ದರೆ ಅದರ ಕಡ್ಡಿಯನ್ನು ಸ್ಫಟಿಕದ ಕಾಲಿಗೆ ಮುಟ್ಟಿಸಬೇಡಿ, ಆ ಭಾರಕ್ಕೆ ಕಂಪನ ನಿಂತು, ಸ್ಫಟಿಕ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಇದನ್ನು ಓದುವವರಲ್ಲಿ ಯಾರ ಬಳಿಯಾದರೂ 1991ರ ಅಮಿಗಾ 500 ಪ್ಲಸ್ ಇದ್ದರೆ, ಅದರ ಬ್ಯಾಟರಿ ಮುಖ್ಯ ಫಲಕದ ಮೇಲೆಯೇ ಇದೆ, ಗಡಿಯಾರ ಬೇಕಿರಲಿ ಬೇಡದಿರಲಿ ಇಂದೇ ತೆರೆದು ನೋಡಿ.

ಮೈಸೂರಿನಿಂದ, ಮೂರು ವಾರಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಕವಚ ತೆರೆದಾಗ ಬ್ಯಾಟರಿಯ ಒಂದು ತುದಿ ಪೂರ್ತಿ ಹಸಿರಾಗಿತ್ತು, ಯಂತ್ರದ ಕಡೆಯ ಪಿನ್ನುಗಳು ಮಾತ್ರ ಅದೃಷ್ಟಕ್ಕೆ ಶುಚಿಯಾಗಿದ್ದವು. ವಿನೆಗರ್ ಹಚ್ಚಿದಾಗ ನೊರೆ ಎದ್ದುದನ್ನು ನೋಡಿ, ಒಣಗಿದಂತೆ ಕಾಣುತ್ತಿದ್ದ ಆ ಪುಡಿಯಲ್ಲಿ ಇನ್ನೂ ಎಷ್ಟು ಕ್ಷಾರವಿತ್ತೆಂದು ತಿಳಿಯಿತು. ಖಾಲಿ ಸ್ಮೃತಿಯ ಸಂಖ್ಯೆ ಎಂಟು ಲಕ್ಷ ದಾಟಿತ್ತು. ಕಡಿದಿದ್ದ ಗೆರೆಗಳು ಎರಡು: ಚಿಪ್ಪಿನ 10ನೇ ಕಾಲಿಗೆ ಹೋಗುವುದೊಂದು, ಬ್ಯಾಟರಿಯಿಂದ 18ನೆಯದರ ಕಡೆಗೆ ಹೋಗುವುದೊಂದು. ಬರಹದ ಸಂಕೇತವೇ ಚಿಪ್ಪಿಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ನಾನು ಎಷ್ಟು ಸಲ ಸೇವ್ ಕೊಟ್ಟರೂ ಅದು ವ್ಯರ್ಥವಾಗುತ್ತಿತ್ತು, ಬ್ಯಾಟರಿಯೊಂದನ್ನೇ ಬದಲಿಸಿದ್ದರೆ ನಾನು ಇನ್ನೂ ಕತ್ತಲಲ್ಲೇ ಇರುತ್ತಿದ್ದೆ. ಎರಡಕ್ಕೂ ತೆಳುವಾದ ತಂತಿ ಬೆಸೆದು, ಡಯೋಡ್ ಸಹಿತ ಬಿಲ್ಲೆಯ ಹಿಡಿಕೆಯನ್ನು ಗಿಡ್ಡ ತಂತಿಗಳಿಂದ ಫಲಕದ ಆಚೆಗೆ ಕೂರಿಸಿದ್ದೇನೆ. ಅಳತೆ 7 ಮಿಲಿವೋಲ್ಟ್ ಬಂತು. ಒಂದು ವಾರ ಆರಿಸಿಟ್ಟು ಹಚ್ಚಿದಾಗ ಗಡಿಯಾರ 11 ಸೆಕೆಂಡು ಮಾತ್ರ ಹಿಂದಿತ್ತು, ಹಾಗಾಗಿ ಸ್ಫಟಿಕವನ್ನು ಮುಟ್ಟುವುದಿಲ್ಲ.

ದಿನಾಂಕದ ವಿವರಣೆಯನ್ನು ಓದಿದ ಮೇಲೆ ಮೂಲ ಡಿಸ್ಕನ್ನು ಬರಹತಡೆ ಹಾಕಿ ತೆರೆದು, ಕಡತಗಳ ಪಟ್ಟಿಯನ್ನು ನೋಡಿದೆ. 1991ರ ಆಗಸ್ಟ್ 14ರಂದು ಸಂಜೆ ತಂದೆಯವರು ನಮ್ಮ ಅಜ್ಜಿಗೆ ಬರೆದ ಪತ್ರವೊಂದನ್ನು ಆ ಡಿಸ್ಕಿನ ಮೇಲೆ ಉಳಿಸಿದ್ದರು. ಆ ಡಿಸ್ಕಿನ ಎರಡು ಪ್ರತಿಗಳನ್ನು ಮಾಡಿ, ಮೂಲವನ್ನು ಬೇರೆ ಎತ್ತಿಟ್ಟಿದ್ದೇನೆ.